ಸಂವಾದದ ಪಾಠಕ್ಕೆ ನಾನು ತಯಾರಾಗುವ ಬಗೆ

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮಕ್ಕಳ ಜೊತೆ ಮಾತಾಡುತ್ತಾ ಪಾಠ ಮಾಡಬೇಕು ಅಂದರೆ ಬೇಡ ಅನ್ನುವ ಸಹೋದ್ಯೋಗಿಗಳು ಕಡಿಮೆ. ಮಾಡುವವರೂ ಕಡಿಮೆ. "ಅದು ಮಾತುಗಾರರ ಕೆಲಸ, ನಮ್ಮ ಕೈಲಾಗಲ್ಲ" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನನ್ನದೇ ಮಾತು ಕಮ್ಮಿ. ಆದರೂ ಕ್ಲಾಸು ಮಾತಾಡುತ್ತೆ, ಯಾಕೆಂದರೆ ಹಿಂದಿನ ದಿನ ಕೂತು ತಯಾರಿ ಮಾಡಿರುತ್ತೇನೆ.

ತಯಾರಿ ಅಂದರೆ ಇಷ್ಟೇ. ಹಾಳೆಯ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ. ಅದಕ್ಕೆ ಬರಬಹುದಾದ ಉತ್ತರಗಳನ್ನು, ಮುಖ್ಯವಾಗಿ ತಪ್ಪು ಉತ್ತರಗಳನ್ನು, ಕೆಳಗೆ ಬರೆಯುತ್ತೇನೆ. ಒಂದೊಂದರ ಪಕ್ಕದಲ್ಲೂ ನಾನು ಮುಂದೆ ಕೇಳಬೇಕಾದ ಪ್ರಶ್ನೆ.

ಉದಾಹರಣೆಗೆ, ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೇವೆ. ತುತ್ತತುದಿಯಲ್ಲಿ ಅದರ ವೇಗ ಸೊನ್ನೆ. ಆಗ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು?

"ಸೊನ್ನೆ ಮೇಡಂ" ಅಂದಳು ಒಬ್ಬ ಹುಡುಗಿ.

"ಯಾಕೆ?"

"ಚೆಂಡು ನಿಂತಿದೆಯಲ್ಲ."

"ಸರಿ, ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ. ಮುಂದಿನ ಕ್ಷಣ ಚೆಂಡು ಎಲ್ಲಿರುತ್ತೆ?"

ಹಿಂದಿನ ಬೆಂಚಿನಿಂದ ಒಬ್ಬ, "ಅಲ್ಲೇ ಇರುತ್ತೆ!" ಅಂದ. ಅವಳು ಸುಮ್ಮನೆ ಯೋಚಿಸಿದಳು. ಆಮೇಲೆ, "ಇಲ್ಲ, ಭೂಮಿ ಆಗಲೂ ಎಳೀತಾನೇ ಇರುತ್ತೆ ಅಲ್ವಾ ಮೇಡಂ" ಅಂದಳು. ನಾನು ತಪ್ಪು ಅಂತಲೂ ಹೇಳಿರಲಿಲ್ಲ, ಸರಿ ಉತ್ತರವನ್ನೂ ಕೊಟ್ಟಿರಲಿಲ್ಲ.

ಇಲ್ಲಿ ಕಷ್ಟದ್ದು ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಸುಮಾರು 1 ಸೆಕೆಂಡು ಕಾಯುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. 3 ಸೆಕೆಂಡಿಗಿಂತ ಜಾಸ್ತಿ ಕಾದರೆ ಉತ್ತರ ಉದ್ದವಾಗುತ್ತೆ, ಮಾತಾಡದವರೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ಹೆಚ್ಚಾಗಿ ಚಿಕ್ಕ ಮಕ್ಕಳ ವಿಜ್ಞಾನದ ಕ್ಲಾಸುಗಳನ್ನು. ದೊಡ್ಡವರಿಗೆ ಇನ್ನೂ ಜಾಸ್ತಿ ಹೊತ್ತು ಬೇಕು ಅನ್ನುವುದು ನನ್ನ ಅನುಭವ. ಆ ಮೌನದಲ್ಲಿ ನಾನು ಬೋರ್ಡಿನ ಕಡೆ ತಿರುಗುವುದಿಲ್ಲ, ಪ್ರಶ್ನೆಯನ್ನು ಬೇರೆ ಮಾತಲ್ಲಿ ಮತ್ತೆ ಹೇಳುವುದೂ ಇಲ್ಲ. ಹೇಳಿದರೆ ಅವರ ಯೋಚನೆ ಕಡಿದುಹೋಗುತ್ತೆ.

ಹಾಲ್ ತುಂಬ ಮಕ್ಕಳಿದ್ದರೆ ಎರಿಕ್ ಮಜೂರ್ ದಾರಿ ಹಿಡಿಯುತ್ತೇನೆ. ಅವರು ಹಾರ್ವರ್ಡ್‌ನಲ್ಲಿ 1991ರಿಂದ ಹೀಗೆ ಭೌತಶಾಸ್ತ್ರ ಕಲಿಸಿದವರು. ಮೊದಲು ಒಬ್ಬೊಬ್ಬರೇ ಉತ್ತರ ಆರಿಸಿ ಕೈ ಎತ್ತಬೇಕು. ಆಮೇಲೆ ಪಕ್ಕದವರನ್ನು ಒಪ್ಪಿಸಬೇಕು. ಕೊನೆಗೆ ಇನ್ನೊಮ್ಮೆ ಕೈ ಎತ್ತಬೇಕು. ಬಹುತೇಕ ಎಲ್ಲರದ್ದೂ ಮೊದಲೇ ಸರಿಯಿದ್ದರೆ ಚರ್ಚೆ ಬೇಡ, ಮುಂದೆ ಹೋಗುತ್ತೇನೆ. ತೀರಾ ಕಮ್ಮಿ ಜನರದ್ದು ಸರಿಯಿದ್ದರೆ ನಾನೇ ಮತ್ತೆ ವಿವರಿಸುತ್ತೇನೆ. ನಡುವೆ ಇದ್ದಾಗ ಮಾತಿಗೆ ಬಿಡುವುದು ಸಾರ್ಥಕ.

ಸಿಲಬಸ್ ಮುಗಿಯಲ್ಲ ಅನ್ನುವ ಭಯ ಸುಳ್ಳಲ್ಲ. ಅದಕ್ಕೇ ಪುಸ್ತಕದಲ್ಲಿ ಇರುವ ಲೆಕ್ಕವನ್ನು ಸಾಲು ಸಾಲಾಗಿ ಬೋರ್ಡಿಗೆ ಇಳಿಸುವುದನ್ನು ಬಿಟ್ಟೆ. ಓದಿಕೊಂಡು ಬನ್ನಿ ಅನ್ನುತ್ತೇನೆ. ಮಿಕ್ಕ ಹೊತ್ತು ಪ್ರಶ್ನೆಗೆ. ನನಗೇ ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮುಂದಿನ ಕ್ಲಾಸಿಗೆ ತರುತ್ತೇನೆ. ಇದರಿಂದ ಮರ್ಯಾದೆ ಹೋಗುತ್ತೆ ಅಂತ ಹೆದರುವವರಿದ್ದಾರೆ. ನಾನು ಕಂಡಂತೆ, ಮಾರನೇ ಸಲ ಮಕ್ಕಳು ಇನ್ನಷ್ಟು ಧೈರ್ಯವಾಗಿ ಕೇಳುತ್ತಾರೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವ ಕಿರಿಯ ಅಧ್ಯಾಪಕರಿಗೆ ಹಳೆಯ ಉತ್ತರಪತ್ರಿಕೆಗಳನ್ನು ತೆಗೆಯಿರಿ ಅನ್ನುತ್ತೇನೆ. ಪ್ರತಿ ವರ್ಷ ಒಂದೇ ಕಡೆ ಒಂದೇ ಥರ ತಪ್ಪುವ ಪ್ರಶ್ನೆ ಒಂದಾದರೂ ಸಿಗುತ್ತೆ. ಮೊದಲ ಸಂವಾದಕ್ಕೆ ಅದನ್ನೇ ಇಟ್ಟುಕೊಳ್ಳಿ. ಬರಬಹುದಾದ ಉತ್ತರಗಳನ್ನು ಊಹಿಸುವ ಕೆಲಸ ಅರ್ಧ ಮುಗಿದಿರುತ್ತೆ.