ಮೂತ್ರನಾಳದ ಕಲ್ಲು: ಸಿ.ಟಿ. ಸ್ಕ್ಯಾನ್‌ನಲ್ಲಿ ಏನನ್ನು, ಹೇಗೆ ನೋಡಬೇಕು?

ಪಕ್ಕೆಯಿಂದ ಹೊರಟು ತೊಡೆಸಂದಿಗೆ ಇಳಿಯುವ, ಕೂರಲೂ ಮಲಗಲೂ ಬಿಡದ ನೋವು ಬಂದಾಗ ವೈದ್ಯರ ಅನುಮಾನ ಸಾಮಾನ್ಯವಾಗಿ ಮೂತ್ರನಾಳದ ಕಲ್ಲಿನತ್ತ ಹೋಗುತ್ತದೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಈ ನಾಳ ವಯಸ್ಕರಲ್ಲಿ 25ರಿಂದ 30 ಸೆಂ.ಮೀ. ಉದ್ದವಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಇದರ ನಡುಭಾಗ ಕರುಳಿನ ಗಾಳಿಯಿಂದ ಮರೆಯಾಗುತ್ತದೆ. ಎಕ್ಸ್-ರೇಯಲ್ಲಿ ಯೂರಿಕ್ ಆಮ್ಲದ ಕಲ್ಲು ಕಾಣುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ಈ ಎರಡೂ ತೊಡಕುಗಳನ್ನು ದಾಟುತ್ತದೆ. ಆದರೆ ಕಲ್ಲಿನ ಅಳತೆಯೊಂದನ್ನೇ ತಿಳಿದುಕೊಂಡು ರಿಪೋರ್ಟ್ ಮಡಚಿಟ್ಟರೆ ಪರೀಕ್ಷೆಯ ಅರ್ಧ ಪ್ರಯೋಜನ ಕೈತಪ್ಪಿದಂತೆ.

ಮೊದಲು ಯಾವ ಸ್ಕ್ಯಾನ್ ಬೇಕೆಂಬುದು ತೀರ್ಮಾನವಾಗಬೇಕು. ಕಲ್ಲಿನ ಅನುಮಾನಕ್ಕೆ ಔಷಧಿ ಚುಚ್ಚದೆ ಮಾಡುವ ‘ಪ್ಲೇನ್ ಸಿ.ಟಿ. ಕೆ.ಯು.ಬಿ.’ (ಮೂತ್ರಪಿಂಡ, ಮೂತ್ರನಾಳ, ಮೂತ್ರಕೋಶಗಳ ಸ್ಕ್ಯಾನ್) ಸಾಕು, ಅಂಗಗಳು ಎದ್ದುಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಔಷಧಿಯೂ ನಾಳಕ್ಕೆ ಇಳಿದಾಗ ಬಿಳಿಯಾಗಿಯೇ ಕಾಣುವುದರಿಂದ ಸಣ್ಣ ಕಲ್ಲು ಅದರೊಳಗೆ ಮುಚ್ಚಿಹೋಗಬಹುದು. ಸ್ಥೂಲಕಾಯರಲ್ಲದವರಿಗೆ ಕಡಿಮೆ ವಿಕಿರಣದ ‘ಲೋ ಡೋಸ್’ ವಿಧಾನ ಸಾಧ್ಯವೇ ಎಂದು ಕೇಳುವುದು ಒಳ್ಳೆಯದು. ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಮೊದಲ ಆಯ್ಕೆ ಅಲ್ಟ್ರಾಸೌಂಡ್. ಗರ್ಭ ಧರಿಸಿರುವ ಸಾಧ್ಯತೆಯಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಂಗಾತ ಮಲಗಿ ಕೆಲವು ಸೆಕೆಂಡು ಉಸಿರು ಬಿಗಿಹಿಡಿದರೆ ಮೂತ್ರಪಿಂಡದ ಮೇಲ್ತುದಿಯಿಂದ ಮೂತ್ರಕೋಶದ ತಳದವರೆಗಿನ ಚಿತ್ರಗಳು ಸಿಗುತ್ತವೆ. ಕಲ್ಲು ನಾಳದ ಕೊನೆಯಲ್ಲಿ ಸಿಕ್ಕಿದೆಯೋ ಮೂತ್ರಕೋಶಕ್ಕೆ ಬಿದ್ದಿದೆಯೋ ಎಂಬ ಸಂದೇಹ ಬಂದರೆ ಬೋರಲು ಮಲಗಿಸಿ ಆ ಭಾಗವನ್ನು ಮಾತ್ರ ಮತ್ತೆ ತೆಗೆಯುತ್ತಾರೆ. ಬಿದ್ದ ಕಲ್ಲು ಜಾಗ ಬದಲಿಸುತ್ತದೆ, ಸಿಕ್ಕಿಕೊಂಡದ್ದು ಅಲ್ಲಿಯೇ ಇರುತ್ತದೆ.

ಚಿತ್ರ ಓದುವುದು ನಿಜವಾದ ತಾಳ್ಮೆಯ ಕೆಲಸ. ರೇಡಿಯಾಲಜಿಸ್ಟ್ ಮೂತ್ರಪಿಂಡದಿಂದ ಆರಂಭಿಸಿ ಎರಡೂ ಬದಿಯ ನಾಳಗಳನ್ನು ಒಂದೊಂದೇ ಪದರದಲ್ಲಿ ಕೆಳಗಿನವರೆಗೆ ಹಿಂಬಾಲಿಸಬೇಕು. ನಾಳ ಮೂತ್ರಪಿಂಡವನ್ನು ಬಿಡುವಲ್ಲಿ, ಸೊಂಟದ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಕೋಶವನ್ನು ಸೇರುವಲ್ಲಿ ಕಿರಿದಾಗುವುದರಿಂದ ಕಲ್ಲುಗಳು ಹೆಚ್ಚಾಗಿ ಈ ಮೂರು ಕಡೆ ಸಿಕ್ಕಿಬೀಳುತ್ತವೆ. ಸೊಂಟದೊಳಗೆ ಕಾಣುವ ಬಿಳಿ ಚುಕ್ಕೆಗಳೆಲ್ಲ ಕಲ್ಲುಗಳಲ್ಲ. ಅಭಿಧಮನಿಗಳಲ್ಲಿ ಸುಣ್ಣ ಕಟ್ಟಿದ ‘ಫ್ಲೆಬೊಲಿತ್’ಗಳೂ ಹಾಗೆಯೇ ಕಾಣುತ್ತವೆ. ಚುಕ್ಕೆಯ ಸುತ್ತ ಊದಿದ ನಾಳದ ಗೋಡೆ ಬೂದುಬಣ್ಣದ ಉಂಗುರದಂತೆ ಕಂಡರೆ ಅದು ಕಲ್ಲೇ ಇರಬೇಕೆಂಬ ಅನುಮಾನ ಬಲವಾಗುತ್ತದೆ. 5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ, 10 ಮಿ.ಮೀ. ದಾಟಿದವುಗಳಿಗೆ ಆ ಸಾಧ್ಯತೆ ಕಡಿಮೆ. ಆದ್ದರಿಂದ ಅಡ್ಡ ಪದರದಲ್ಲಷ್ಟೇ ಅಲ್ಲದೆ ಉದ್ದುದ್ದ ಪದರದಲ್ಲಿಯೂ ಅಳೆಯಬೇಕು. ಕಲ್ಲಿನ ಸಾಂದ್ರತೆಯನ್ನು ಸೂಚಿಸುವ ಹೌನ್ಸ್‌ಫೀಲ್ಡ್ ಅಂಕಿ ಸುಮಾರು 500ಕ್ಕಿಂತ ಕಡಿಮೆಯಿದ್ದರೆ ಔಷಧಿಯಿಂದ ಕರಗಬಲ್ಲ ಯೂರಿಕ್ ಆಮ್ಲದ ಕಲ್ಲು ಇರಬಹುದೆಂದು ಊಹಿಸಲಾಗುತ್ತದೆ. 1000 ದಾಟಿದ ಗಟ್ಟಿ ಕಲ್ಲು ಕಲ್ಲು ಒಡೆಯಲೆಂದು ದೇಹದ ಹೊರಗಿನಿಂದ ಹಾಯಿಸುವ ಆಘಾತ ತರಂಗಗಳಿಗೆ ಸುಲಭವಾಗಿ ಒಡೆಯುವುದಿಲ್ಲ.

ಇಷ್ಟಾದ ಮೇಲೆ ಮೂತ್ರದ ಹರಿವಿಗೆ ತಡೆಯಾಗಿರುವ ಗುರುತುಗಳನ್ನು ನೋಡಬೇಕು: ಕಲ್ಲಿನ ಮೇಲಿನ ನಾಳ ಹಿಗ್ಗಿರುವುದು, ಮೂತ್ರಪಿಂಡದೊಳಗೆ ಮೂತ್ರ ತುಂಬಿ ಊದಿರುವುದು, ಸುತ್ತಲಿನ ಕೊಬ್ಬಿನಲ್ಲಿ ಎಳೆಎಳೆಯಾದ ಗೆರೆಗಳು ಮೂಡಿರುವುದು. ನೋವು ಇಳಿಯಿತೆಂದ ಮಾತ್ರಕ್ಕೆ ತಡೆ ನಿವಾರಣೆಯಾಗಿದೆ ಎನ್ನಲಾಗದು. ನೋವಿಲ್ಲದೆಯೂ ಮುಂದುವರಿಯುವ ತಡೆ ಮೂತ್ರಪಿಂಡವನ್ನು ಶಾಶ್ವತವಾಗಿ ಕುಗ್ಗಿಸಬಲ್ಲದು. ತಡೆಯ ಜೊತೆಗೆ ಜ್ವರ, ಚಳಿ ಇದ್ದರೆ ಅದು ತುರ್ತುಸ್ಥಿತಿ. ಆಗ ಕಲ್ಲು ತೆಗೆಯುವುದಕ್ಕಿಂತ ಮೊದಲು ಮೂತ್ರನಾಳದೊಳಗೆ ಇಡುವ ಸಣ್ಣ ಕೊಳವೆಯಾದ ಸ್ಟೆಂಟ್ ಅಥವಾ ಬೆನ್ನಿನಿಂದ ಮೂತ್ರಪಿಂಡಕ್ಕೆ ಹಾಕುವ ನಳಿಕೆಯ ಮೂಲಕ ಮೂತ್ರಕ್ಕೆ ದಾರಿ ಮಾಡಿಕೊಡುತ್ತಾರೆ.

ಊತವಿದ್ದೂ ಕಲ್ಲು ಕಾಣದಿದ್ದರೆ ಅದು ಆಗಷ್ಟೇ ಹೊರಹೋಗಿರಬಹುದು. ನಾಳದ ಕಿರಿದುಗೊಳ್ಳುವಿಕೆ, ಗಡ್ಡೆ ಅಥವಾ ಹೊರಗಿನ ಒತ್ತಡದ ಸಂದೇಹವಿದ್ದಾಗ ಕಾಂಟ್ರಾಸ್ಟ್ ಕೊಟ್ಟು, ಅದು ನಾಳಕ್ಕೆ ಇಳಿಯಲು ಹಲವು ನಿಮಿಷ ಕಾದು ‘ಸಿ.ಟಿ. ಯೂರೋಗ್ರಾಂ’ ಮಾಡುತ್ತಾರೆ. ಇದಕ್ಕೆ ಮೊದಲು ಮೂತ್ರಪಿಂಡದ ಕಾರ್ಯಕ್ಷಮತೆ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು, ಹಿಂದೆ ಇಂತಹ ಔಷಧಿಗೆ ಅಲರ್ಜಿ ಆಗಿದ್ದರೆ ಹೇಳಲೇಬೇಕು.

ಕಲ್ಲು ಎಕ್ಸ್-ರೇಯಲ್ಲಿ ಕಾಣುವಂಥದಾದರೆ ಮುಂದಿನ ತಪಾಸಣೆಗಳಿಗೆ ಎಕ್ಸ್-ರೇ ಮತ್ತು ಅಲ್ಟ್ರಾಸೌಂಡ್ ಸಾಕಾಗಬಹುದು. ಪ್ರತಿ ಸಲವೂ ಸಿ.ಟಿ. ಮಾಡಿಸಬೇಕಾಗಿಲ್ಲ. ಹಳೆಯ ಸ್ಕ್ಯಾನ್‌ನ ಸಿ.ಡಿ.ಯನ್ನು ರಿಪೋರ್ಟಿನ ಜೊತೆಗೇ ಒಯ್ದರೆ ಕಲ್ಲು ಎಷ್ಟು ಕೆಳಗಿಳಿದಿದೆ ಎಂಬುದನ್ನು ವೈದ್ಯರು ಹೋಲಿಸಿ ನೋಡಬಹುದು.