ಕಿಂದರಿಜೋಗಿಯ ಮೂಲ ಊರಿಗೆ ಮಕ್ಕಳ ಜೊತೆ

ನಮ್ಮ ಮಕ್ಕಳು ಹುಟ್ಟಿ ಬೆಳೆದದ್ದು ಜರ್ಮನಿಯಲ್ಲಿ. ಆದರೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಅವರಿಗೆ ಬಾಯಿಪಾಠ. ಫೋನಿನಲ್ಲಿ ಅಜ್ಜಿ, ಅಂದರೆ ನನ್ನ ಅತ್ತೆ, ಹೇಳಿಕೊಟ್ಟದ್ದು. ಕುವೆಂಪು ತುಂಗಾ ತೀರಕ್ಕೆ ತಂದ ಈ ಕಥೆ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದ್ಯದಿಂದ ಬಂದದ್ದು. ಅದರ ಮೂಲ ಊರು ಹಾಮೆಲ್ನ್, ವೇಸರ್ ನದಿಯ ದಡದಲ್ಲಿದೆ. ಹ್ಯಾನೋವರ್‌ನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಅತ್ತೆ ಊರಿಂದ ಬಂದಿದ್ದಾಗ ಎಲ್ಲರೂ ಹೊರಟೆವು.

ಬೇಕೆಂದೇ ಬೇಸಿಗೆಯ ಭಾನುವಾರ ಆರಿಸಿಕೊಂಡೆವು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಪ್ರತಿ ಭಾನುವಾರ 12 ಗಂಟೆಗೆ ‘ಮದುವೆ ಮನೆ’ ಅನ್ನುವ ಹಳೇ ಕಟ್ಟಡದ ಮುಂದೆ ಊರಿನವರೇ ಬಯಲು ನಾಟಕ ಆಡುತ್ತಾರೆ. ಟಿಕೆಟ್ ಇಲ್ಲ. ಇಲಿ ವೇಷ ಹಾಕಿದ ಪುಟಾಣಿಗಳು ಓಡಿ ಬಂದಾಗ ನನ್ನ ಮಗ ‘ಅಣ್ಣಿಲಿ, ತಮ್ಮಿಲಿ’ ಅಂತ ಗುರುತು ಹಿಡಿಯಲು ಶುರು ಮಾಡಿದ. ಅತ್ತೆಗೆ ಜರ್ಮನ್ ಬರುವುದಿಲ್ಲ. ಆದರೂ ಮುಂದೇನಾಗುತ್ತದೆ ಅಂತ ಮಕ್ಕಳಿಗೆ ಅವರೇ ಹೇಳುತ್ತಿದ್ದರು. ನಾಟಕ ಮುಗಿದ ಕೂಡಲೇ ಹೊರಡಬೇಡಿ. 1:05ಕ್ಕೆ ಅದೇ ಕಟ್ಟಡದ ಗೋಡೆಯಲ್ಲಿ ಗಂಟೆಗಳ ಸಂಗೀತದ ಜೊತೆ ಗೊಂಬೆಗಳ ಮೆರವಣಿಗೆ ಬರುತ್ತದೆ.

ಅಲ್ಲಿಂದ ಓಸ್ಟರ್‌ಸ್ಟ್ರಾಸೆ ಅನ್ನುವ ಬೀದಿಯ ಇನ್ನೊಂದು ತುದಿಗೆ ನಡೆದೆವು. 1600ರ ಆಸುಪಾಸಿನಲ್ಲಿ ಕಟ್ಟಿದ ಒಂದು ಮನೆಯ ಗೋಡೆಯ ಮೇಲೆ ಹಳೇ ಬರಹವಿದೆ. 1284ರ ಜೂನ್ 26ರಂದು ಬಣ್ಣಬಣ್ಣದ ಬಟ್ಟೆ ತೊಟ್ಟ ಕೊಳಲಿನವನೊಬ್ಬ ಈ ಊರಿನ 130 ಮಕ್ಕಳನ್ನು ಕರೆದುಕೊಂಡು ಹೋದ, ಅವರು ಬೆಟ್ಟದ ಹತ್ತಿರ ಕಾಣೆಯಾದರು ಅಂತ. ಮಗಳು ರೋಮನ್ ಅಂಕಿ ಓದಿ ‘ನೂರ ಮೂವತ್ತು’ ಅಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಅಮ್ಮಾ, ಇದು ನಿಜವಾಗ್ಲೂ ಆಗಿದ್ದಾ?’ ಅಂತ ಕೇಳಿದಳು.

ಇಂಥ ಪ್ರಶ್ನೆಗೆ ‘ಸುಮ್ನೆ ಕಥೆ ಕಣೇ’ ಅಂದುಬಿಡುವುದು ಸುಲಭ. ನನಗೆ ಅದು ಸರಿ ಅನ್ನಿಸುವುದಿಲ್ಲ. ಮಕ್ಕಳು ಹೋದ ನೆನಪು ಈ ಊರಿನಲ್ಲಿ ಬಹಳ ಹಳೆಯದು. ಇಲಿಗಳು ಕಥೆಗೆ ಸೇರಿಕೊಂಡದ್ದು 16ನೇ ಶತಮಾನದಲ್ಲಿ. ಪೂರ್ವ ಯುರೋಪಿನ ಕಡೆ ಹೊಸ ಹಳ್ಳಿ ಕಟ್ಟಲು ಜನ ಬೇಕಾಗಿತ್ತು, ಯಾರೋ ಬಂದು ಹರೆಯದವರನ್ನು ಕರೆದೊಯ್ದಿರಬಹುದು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಅಷ್ಟನ್ನೂ ಹೇಳಿದೆ. ‘ಹಾಗಾದ್ರೆ ಅವರು ಅಲ್ಲಿ ದೊಡ್ಡವರಾದರು’ ಅಂದಳು. ಅತ್ತೆ ಅವಳ ತಲೆ ಸವರಿದರು. ಇಷ್ಟು ವಿಷಯವನ್ನು ಮಕ್ಕಳು ಖಂಡಿತ ತಾಳಿಕೊಳ್ಳುತ್ತಾರೆ.

ಆ ಮನೆಯ ಪಕ್ಕದ ಓಣಿ ಬುಂಗೆಲೋಸೆನ್‌ಸ್ಟ್ರಾಸೆ. ಮಕ್ಕಳು ಇದೇ ದಾರಿಯಲ್ಲಿ ಹೋದರು ಅನ್ನುವ ಕಾರಣಕ್ಕೆ ಇಲ್ಲಿ ವಾದ್ಯ ನುಡಿಸುವಂತಿಲ್ಲ, ಕುಣಿಯುವಂತಿಲ್ಲ. ಮದುವೆ ದಿಬ್ಬಣ ಬಂದರೂ ಸಂಗೀತ ನಿಲ್ಲಿಸುವುದು ಪದ್ಧತಿ. ಮಗ ಪದ್ಯ ಹೇಳುವುದನ್ನು ತಾನಾಗಿಯೇ ನಿಲ್ಲಿಸಿದ.

ಹೋಗುವವರು ಪದ್ಯವನ್ನು ಮೊದಲೇ ಮಕ್ಕಳಿಗೆ ಓದಿಸಿ. ನೆಲದಲ್ಲಿ ಇಲಿ ಗುರುತಿನ ಕಲ್ಲುಗಳಿವೆ, ಅವನ್ನು ಹಿಡಿದು ನಡೆದರೆ ದೊಡ್ಡವರಿಗೆ ಮ್ಯಾಪ್ ಬೇಕಿಲ್ಲ. ವೇಸರ್ ದಡವನ್ನು ಕೊನೆಗೆ ಇಟ್ಟುಕೊಳ್ಳಿ. ಇಲಿಗಳು ಮುಳುಗಿದ ಜಾಗ ಅಲ್ವಾ, ಅಲ್ಲಿ ಮಕ್ಕಳು ಎಷ್ಟು ಬೇಕಾದರೂ ಕೂಗಬಹುದು. ನಮ್ಮವರು ಅಜ್ಜಿಯ ಜೊತೆ ಇಡೀ ಪದ್ಯವನ್ನು ಅಲ್ಲಿ ಗಟ್ಟಿಯಾಗಿ ಹೇಳಿದರು.