ಗಂಟೆ ಲೆಕ್ಕ ಬಿಟ್ಟ ಮೇಲೆ ಕೂಡಿಬಂದ ಲೆಕ್ಕ: ನನ್ನ ಅನುಭವ

‘ಚೆನ್ನಾಗಿ ಓದುವ ಮಕ್ಕಳನ್ನು ಸೇವೆಗೆ ಕಳಿಸಿದರೆ ಅಂಕ ಬೀಳುತ್ತದೆ’ ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಕಳೆದ ತಿಂಗಳು ನಮ್ಮ ರಿಜಿಸ್ಟರಿನ ನಕಲು ಕೇಳಿದರು. ಕೊಟ್ಟೆ. ಕೊಡುವಾಗ ಮುಖದಲ್ಲಿ ನಗು ಕಾಣಿಸದಂತೆ ಸ್ವಲ್ಪ ಪ್ರಯತ್ನಪಟ್ಟೆ, ಆಗಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಓದಿನಲ್ಲಿ ಮುಂದಿರುವ ಮಕ್ಕಳನ್ನು ಊರಿನ ಕೆಲಸಕ್ಕೂ ಹಚ್ಚಬೇಕು, ಓದೂ ಕೆಡಬಾರದು ಎಂದು ಹೊರಟು ಎರಡು ವರ್ಷ ಕೈ ಸುಟ್ಟುಕೊಂಡೆ. ಮೂರನೆಯ ವರ್ಷ ಹಾದಿ ಸಿಕ್ಕಿತು. ಅದನ್ನು ಬರೆದಿಡುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ಮೊದಲ ವರ್ಷದ ತಪ್ಪೆಲ್ಲ ನನ್ನದೇ. ಕೆನಡಾದ ಒಂಟಾರಿಯೊದಲ್ಲಿ ಪ್ರೌಢಶಾಲೆಯ ಡಿಪ್ಲೊಮಾ ಬೇಕಾದರೆ 40 ಗಂಟೆ ಸಮುದಾಯ ಸೇವೆ ಮಾಡಬೇಕು, ಅಮೆರಿಕದ ಮೇರಿಲ್ಯಾಂಡಿನಲ್ಲಿ 75 ಗಂಟೆ ಎಂದು ಎಲ್ಲೋ ಓದಿದ್ದೆ. ನಾನೂ 40 ಎಂದು ಇಟ್ಟೆ. ಮೊದಲ ಸಾಲಿನ ಮಕ್ಕಳು ಗೊತ್ತಲ್ಲ, ಅಂಕಿ ಕಂಡರೆ ಸಾಕು, ಅದನ್ನು ಹೇಗೆ ಬೇಗ ಮುಗಿಸುವುದೆಂದು ನೋಡುತ್ತಾರೆ. ನಲವತ್ತು ಮಕ್ಕಳು ಸೇರಿದರು. ಬೀದಿ ಗುಡಿಸಿದರು, ಫಲಕ ಹಿಡಿದು ನಡೆದರು, ಫೋಟೋ ತೆಗೆಸಿಕೊಂಡರು. ಆರು ವಾರ ಕಳೆದ ಮೇಲೆ ಒಬ್ಬ ಹುಡುಗನ ಹಾಳೆಯಲ್ಲಿ ಒಂದೇ ದಿನ ಒಂಬತ್ತು ಗಂಟೆ ಸೇವೆ ಬರೆದಿತ್ತು. ಆ ದಿನ ಅವನು ನನ್ನ ತರಗತಿಯಲ್ಲಿಯೇ ಕುಳಿತಿದ್ದ! ಕರೆದು ಕೇಳಿದರೆ ಅಳು. ಅವನೊಬ್ಬನೇ ಅಲ್ಲ, ಅರ್ಧಕ್ಕರ್ಧ ಹಾಳೆಗಳು ಹೀಗೆಯೇ ಇದ್ದವು. ಪ್ರಾಮಾಣಿಕ ಮಕ್ಕಳಿಗೆ ಸುಳ್ಳು ಬರೆಯುವುದನ್ನು ಕಲಿಸಿದ ಯೋಜನೆ ನನ್ನದಾಗಿತ್ತು.

ಹಣದ ಕಥೆ ಇನ್ನೂ ಕೆಟ್ಟದ್ದು. ಆ ವರ್ಷ ಕೈಯಲ್ಲಿದ್ದ ಹಣದ ಮುಕ್ಕಾಲು ಪಾಲು ಟೀ ಶರ್ಟು, ಬ್ಯಾನರು ಮತ್ತು ಪ್ರಮಾಣಪತ್ರಗಳಿಗೆ ಹೋಯಿತು. ಕೊನೆಗೆ ಸಾಲದೆ ಬಂದಾಗ ನನ್ನ ಅರ್ಧ ತಿಂಗಳ ಸಂಬಳ ಹಾಕಿದೆ. ಮನೆಯಲ್ಲಿ ಅದನ್ನು ಹೇಳಿದ್ದು ಎಂಟು ತಿಂಗಳ ನಂತರ. ಪ್ರಮಾಣಪತ್ರಗಳ ಒಂದು ಕಟ್ಟು ಈಗಲೂ ನನ್ನ ಬೀರುವಿನಲ್ಲಿದೆ. ಖಾಲಿ ಬೆನ್ನಿನ ಮೇಲೆ ಮಕ್ಕಳು ಲೆಕ್ಕ ಬಿಡಿಸುತ್ತಾರೆ, ಕಾಗದ ದಪ್ಪಗಿದೆ, ಶಾಯಿ ಹಿಂದಕ್ಕೆ ಇಳಿಯುವುದಿಲ್ಲ.

ಆ ಗುಂಪಿನ ಸರಾಸರಿ ಅಂಕ ಆ ವರ್ಷ ನೂರಕ್ಕೆ ನಾಲ್ಕರಷ್ಟು ಇಳಿಯಿತು. ‘ನನ್ನ ಮಗಳನ್ನು ಓದಲು ಕಳಿಸುತ್ತೇನೆ, ಊರು ಉದ್ಧಾರ ಮಾಡಲು ಅಲ್ಲ’ ಎಂದು ಒಬ್ಬ ತಂದೆ ಎಲ್ಲರೆದುರು ಹೇಳಿದರು. ಉತ್ತರ ನನ್ನಲ್ಲಿ ಇರಲಿಲ್ಲ. ಹಲವು ದೇಶಗಳಲ್ಲಿ ಶಾಲಾ ಪಠ್ಯಕ್ರಮ ನಡೆಸುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್‌ನವರೂ ಒಂದು ಕಾಲದಲ್ಲಿ 150 ಗಂಟೆ ಎಂದು ಇಟ್ಟುಕೊಂಡಿದ್ದು, ಆಮೇಲೆ ಗಂಟೆ ಎಣಿಸುವುದನ್ನು ಬಿಟ್ಟು ಮಗು ಏನು ಕಲಿಯಿತು ಎಂದು ಕೇಳತೊಡಗಿದರು ಎಂಬುದು ನನಗೆ ತಿಳಿದದ್ದು ತಡವಾಗಿ. ಮೊದಲೇ ತಿಳಿದಿದ್ದರೆ ಒಂದು ವರ್ಷವೂ ಅರ್ಧ ಸಂಬಳವೂ ಉಳಿಯುತ್ತಿದ್ದವು.

ಎರಡನೆಯ ವರ್ಷ ಹನ್ನೊಂದು ಮಕ್ಕಳು ಉಳಿದರು. ಬೀದಿ ಬಿಟ್ಟು ಪಾಠಕ್ಕೆ ಬಂದೆವು. ಹತ್ತನೆಯವರು ಐದನೆಯವರಿಗೆ ಕಲಿಸುವುದು, ಒಬ್ಬರಿಗೆ ಹತ್ತು ಮಂದಿ. ಶಿಕ್ಷಕರ ಕೊಠಡಿಯಲ್ಲಿ ‘ಮಕ್ಕಳ ಕೈಯಲ್ಲಿ ಪಾಠ ಮಾಡಿಸುವುದು ಟೀಚರ ಸೋಮಾರಿತನ’ ಎಂಬ ಮಾತು ಬಂತು. ನಾನು ಆಂಡ್ರ್ಯೂ ಬೆಲ್‌ನ ಕಥೆ ಹೇಳಿದೆ. 1789ರಲ್ಲಿ ಮದ್ರಾಸಿನ ಅನಾಥಾಲಯದ ಶಾಲೆಯ ಉಸ್ತುವಾರಿ ವಹಿಸಿಕೊಂಡವನು ಆತ. ಮರಳಿನ ಮೇಲೆ ಅಕ್ಷರ ತಿದ್ದಿಸಲು ಶಿಕ್ಷಕರು ಒಲ್ಲೆ ಎಂದಾಗ ಎಂಟು ವರ್ಷದ ಹುಡುಗನೊಬ್ಬನಿಗೆ ತರಗತಿ ಒಪ್ಪಿಸಿದ. ಆ ಪದ್ಧತಿ ಆಮೇಲೆ ಇಂಗ್ಲೆಂಡಿಗೂ ಹೋಯಿತು. ಎಲ್ಲರೂ ತಲೆದೂಗಿದರು. ನಾನು ಹೇಳದೆ ಬಿಟ್ಟದ್ದು ಒಂದಿತ್ತು: ಆ ಪದ್ಧತಿಯ ಮೇಲಿನ ದೊಡ್ಡ ಆಕ್ಷೇಪ ಬಾಯಿಪಾಠ. ನಮ್ಮಲ್ಲಿಯೂ ಆದದ್ದು ಅದೇ. ಬುದ್ಧಿವಂತ ಮಕ್ಕಳಿಗೆ ಹತ್ತು ತಲೆ ಎದುರಿಗೆ ಸಿಕ್ಕರೆ ಭಾಷಣ ಶುರು. ಹಲಗೆ ತುಂಬ ಬರೆದು, ಒರೆಸಿ, ‘ಅರ್ಥವಾಯಿತಾ?’ ಎಂದರೆ ಪುಟಾಣಿಗಳು ಒಂದೇ ಸ್ವರದಲ್ಲಿ ‘ಆಯಿತು’. ಮೂರನೆಯ ವಾರಕ್ಕೆ ಅರ್ಧ ಜನ ಬರಲಿಲ್ಲ.

ಅದರ ಮೇಲೆ ಇನ್ನೊಂದು ಪೆಟ್ಟು. ಪರೀಕ್ಷೆ ಬಂತೆಂದು ಎರಡು ತಿಂಗಳು ಪೂರ್ತಿ ನಿಲ್ಲಿಸಿದೆವು. ಮುಗಿಸಿ ಬಂದು ನೋಡಿದರೆ ಎದುರಿಗೆ ಕೂರಲು ಯಾರೂ ಇಲ್ಲ. ಐದನೆಯ ತರಗತಿಯ ಮಗುವಿಗೆ ಎರಡು ತಿಂಗಳೆಂದರೆ ಒಂದು ಯುಗ.

ಮೂರನೆಯ ವರ್ಷ ಬದಲಾಯಿಸಿದ್ದು ಸಣ್ಣದು. ಒಬ್ಬರಿಗೆ ಒಬ್ಬರೇ. ವಾರದಲ್ಲಿ ಅದೇ ದಿನ, ಅದೇ ಒಂದು ಗಂಟೆ, ವರ್ಷವಿಡೀ ಅದೇ ಜೋಡಿ. ಪರೀಕ್ಷೆಯ ಕಾಲದಲ್ಲಿ ಅರ್ಧ ಗಂಟೆಗೆ ಇಳಿಸುತ್ತೇವೆ, ನಿಲ್ಲಿಸುವುದಿಲ್ಲ. ಗಂಟೆಗಳ ಹಾಳೆ ಇಲ್ಲ. ಅದರ ಬದಲು ಒಂದು ನೋಟ್‌ಬುಕ್. ಅದರಲ್ಲಿ ಬರೆಯಬೇಕಾದದ್ದು ಒಂದೇ: ಈ ವಾರ ನನಗೆ ಉತ್ತರ ಕೊಡಲು ಆಗದ ಪ್ರಶ್ನೆ ಯಾವುದು? ಖಾಲಿ ಬಿಟ್ಟರೆ ಕರೆಸಿ ಮಾತಾಡುತ್ತೇನೆ. ‘ಎಲ್ಲಕ್ಕೂ ಉತ್ತರ ಕೊಟ್ಟೆ’ ಎಂದು ಬರೆದವರನ್ನು ಇನ್ನೂ ಬೇಗ ಕರೆಸುತ್ತೇನೆ.

ಇದು ಹೇಗೆ ಕೆಲಸ ಮಾಡುತ್ತದೆಂದು ಒಂದು ದಿನದ ಘಟನೆಯಿಂದ ಹೇಳುತ್ತೇನೆ. ನಮ್ಮಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟರ ಕೆಳಗೆ ಇಳಿಯದ ಹುಡುಗಿ ಒಬ್ಬಳಿದ್ದಳು. ಅವಳ ಎದುರಿನ ಚಿಕ್ಕವನು ಭಿನ್ನರಾಶಿಯ ಭಾಗಾಕಾರದಲ್ಲಿ ಸಿಕ್ಕಿಕೊಂಡಿದ್ದ. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು ಎಂದಳು. ಅವನು ಗುಣಿಸಿದ, ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬಂತು. ಪೆನ್ಸಿಲ್ ಕೆಳಗಿಟ್ಟು, ‘ಅಕ್ಕ, ಭಾಗಿಸಿದರೆ ಕಡಿಮೆ ಆಗಬೇಕಲ್ಲ, ಇದು ಜಾಸ್ತಿ ಆಯಿತಲ್ಲ?’ ಎಂದ. ‘ನಿಯಮ ಹಾಗೆ’ ಎಂದಳು. ‘ಯಾರು ಮಾಡಿದ ನಿಯಮ?’ ಎಂದ. ಅವಳು ನೋಟ್‌ಬುಕ್ ಹಿಡಿದು ನನ್ನ ಬಳಿ ಬಂದಾಗ ಕಣ್ಣು ಕೆಂಪಗಾಗಿತ್ತು. ಕೋಪ ಅವನ ಮೇಲಲ್ಲ, ಐದು ವರ್ಷದಿಂದ ತಾನು ಅದನ್ನು ಕೇಳಿರಲಿಲ್ಲವಲ್ಲ ಎಂದು. ನಾನು ಉತ್ತರ ಹೇಳಲಿಲ್ಲ, ಹಳೆಯ ಪತ್ರಿಕೆಯೊಂದನ್ನು ಕೈಗೆ ಕೊಟ್ಟೆ. ಮುಂದಿನ ವಾರ ಬಾಗಿಲಲ್ಲಿ ನಿಂತು ನೋಡಿದೆ: ಪತ್ರಿಕೆಯಿಂದ ಉದ್ದ ಪಟ್ಟಿ ಹರಿದು ಅರ್ಧಕ್ಕೆ ಮಡಿಸಿ ಇಟ್ಟಿದ್ದಾಳೆ, ಪಕ್ಕದಲ್ಲಿ ಅಷ್ಟೇ ಉದ್ದದ ಇನ್ನೊಂದು ಪಟ್ಟಿಯ ಕಾಲು ಭಾಗ. ‘ಇದರಲ್ಲಿ ಇದು ಎಷ್ಟು ಸಲ ಕೂರುತ್ತದೆ ನೋಡು’ ಎಂದಳು. ಚಿಕ್ಕವನು ಕಾಲು ಪಟ್ಟಿಯನ್ನು ಎರಡು ಸಲ ಇಟ್ಟು ಅಳೆದು, ಬಾಯಿ ತೆರೆದು ಅವಳನ್ನೇ ನೋಡಿದ. ಅವಳೂ ಹಾಗೆಯೇ ನೋಡಿದಳು. ಇಬ್ಬರಿಗೂ ಅದು ಹೊಸತು.

ತೊಂಬತ್ತೆಂಟು ತೆಗೆಯುವವರಿಗೆ ಉಳಿದ ಎರಡು ಅಂಕ ಎಲ್ಲಿ ಹೋಗುತ್ತದೆಂದು ಗೊತ್ತಿರುವುದಿಲ್ಲ. ಚಿಕ್ಕವರು ತೋರಿಸಿಕೊಡುತ್ತಾರೆ. ಆ ವರ್ಷ ಇಪ್ಪತ್ತನಾಲ್ಕು ಮಕ್ಕಳ ಗುಂಪಿನ ಸರಾಸರಿ ಐದೋ ಆರೋ ಅಂಕ ಏರಿತು. ಓದುವ ಮಕ್ಕಳನ್ನೇ ಆರಿಸಿಕೊಂಡರೆ ಏರದೆ ಇನ್ನೇನು ಎಂದು ಕೆಲವರು ಗೊಣಗಿದರು, ನ್ಯಾಯವಾದ ಮಾತೇ. ಆದರೆ ಮೊದಲೆರಡು ವರ್ಷ ಆರಿಸಿದ್ದೂ ಅಂಥವರನ್ನೇ, ಆಗ ಏರಲಿಲ್ಲ. ಜೊತೆಗೆ ಮಧ್ಯಮ ಅಂಕದ ಆರು ಮಕ್ಕಳನ್ನು ನಾನು ಬೇಕೆಂದೇ ಸೇರಿಸಿದ್ದೆ. ಹೆಚ್ಚು ಏರಿದ್ದು ಅವರೇ.

ಆಯ್ಕೆ ಹೇಗೆ ಮಾಡುತ್ತೇನೆಂದು ಎಲ್ಲರೂ ಕೇಳುತ್ತಾರೆ. ಅಂಕಪಟ್ಟಿ ನೋಡುತ್ತೇನೆ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಏನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಜೋಡಿ ಕೂಡಿಸುವ ಬಗೆಯೂ ನನ್ನಲ್ಲಿಯೇ ಇರಲಿ. ಒಂದು ಸುಳಿವು ಮಾತ್ರ ಕೊಡುತ್ತೇನೆ: ಬೇಗ ಮಾತಾಡುವವರನ್ನು ಬೇಗ ಮಾತಾಡುವವರ ಜೊತೆ ಕೂರಿಸಬೇಡಿ.

ಪಾಠ ಮಾತ್ರವೇ ಸೇವೆ ಎಂದಲ್ಲ. ನಾಲ್ಕು ಮಕ್ಕಳನ್ನು ಒಂಟಿಯಾಗಿರುವ ವೃದ್ಧರ ಜೊತೆ ಕೂಡಿಸಿದ್ದೆ, ಪತ್ರ ಓದಿ ಹೇಳುವುದು, ಅರ್ಜಿ ತುಂಬುವುದು ಇಂಥ ಕೆಲಸಕ್ಕೆ. ಅದರಲ್ಲಿ ಒಬ್ಬ ಹುಡುಗ ಒಂದು ಸಂಜೆ ಓಡಿಬಂದ. ಅಜ್ಜ ಜ್ವರಕ್ಕೆಂದು ಎರಡು ಬೇರೆ ಹೆಸರಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಪ್ಯಾರಾಸಿಟಮಾಲ್. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದ ಔಷಧ ಅದು, ಮೀರಿದರೆ ಯಕೃತ್ತಿಗೆ ಪೆಟ್ಟು. ಹುಡುಗ ಗಾಬರಿಯಲ್ಲಿ ‘ಒಂದನ್ನು ಬಿಡಿ’ ಎಂದು ಹೇಳಿಬಿಟ್ಟಿದ್ದ. ಹೊಗಳಿದೆ, ಆಮೇಲೆ ಬೈದೆ. ಎರಡೂ ಪಟ್ಟಿಗಳನ್ನು ಹಿಡಿದು ಅಜ್ಜನ ಜೊತೆ ವೈದ್ಯರ ಬಳಿ ಹೋದೆವು. ಅಂದಿನಿಂದ ನಿಯಮ: ಔಷಧದ ವಿಷಯದಲ್ಲಿ ಮಕ್ಕಳು ಓದಿ ಹೇಳಬಹುದು, ಸಲಹೆ ಕೊಡುವಂತಿಲ್ಲ. ಇನ್ನೊಂದು ನಿಯಮ ಮೊದಲಿನಿಂದಲೇ ಇತ್ತು, ಯಾರ ಮನೆಗೂ ಮಗು ಒಂಟಿಯಾಗಿ ಹೋಗುವುದಿಲ್ಲ. ಒಬ್ಬ ದೊಡ್ಡವರು ಜೊತೆಗಿರಲೇಬೇಕು. ಇದರಿಂದಾಗಿಯೇ ಈ ಭಾಗವನ್ನು ನಾಲ್ಕು ಮಕ್ಕಳಿಗಿಂತ ಬೆಳೆಸಲು ಆಗಿಲ್ಲ.

ನಡುವೆ ಮಳೆ ಅಳೆಯುವ ಹುಚ್ಚು ಹಿಡಿಯಿತು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. ಇದನ್ನು ಹೇಳಿದ ದಿನವೇ ಮಕ್ಕಳು ಮಹಡಿ ಹತ್ತಿ ಛಾವಣಿ ಅಳೆದರು. 300 ಚದರ ಮೀಟರ್, 20 ಮಿಲಿಮೀಟರ್ ಮಳೆಗೆ 6000 ಲೀಟರ್! ಬಾಟಲಿ ಕತ್ತರಿಸಿ ಮಾಪಕ ಮಾಡಿದರು. ಮೊದಲ ಎರಡು ವಾರದ ಅಳತೆ ಪೂರ್ತಿ ತಪ್ಪು, ಏಕೆಂದರೆ ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ತಳಕ್ಕೆ ಕಲ್ಲುಹರಳು ಹಾಕಿ, ಬದಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿಂದ ಸೊನ್ನೆ ಗುರುತು ಹಾಕಿದ ಮೇಲೆ ಸರಿಯಾಯಿತು. ಅಕ್ಕಪಕ್ಕದ ಹದಿನೈದು ಮನೆಯವರಿಗೆ ಅವರವರ ಛಾವಣಿಯ ಲೆಕ್ಕ ಬರೆದುಕೊಟ್ಟರು. ಎಷ್ಟು ಮಂದಿ ತೊಟ್ಟಿ ಕಟ್ಟಿಸಿದರು ಎಂದು ಕೇಳಬೇಡಿ. ಒಬ್ಬರು. ಆದರೆ ಘನಫಲದ ಪಾಠ ಆ ವರ್ಷ ನಾನು ಮಾಡಬೇಕಾಗಿಯೇ ಬರಲಿಲ್ಲ.

ಈಗಿನ ಖರ್ಚು ಮೊದಲ ವರ್ಷದ ಹತ್ತನೆಯ ಒಂದು ಪಾಲೂ ಇಲ್ಲ. ನೋಟ್‌ಬುಕ್, ಪೆನ್ಸಿಲ್, ಇಬ್ಬರು ಮಕ್ಕಳ ಬಸ್ ಚಾರ್ಜು, ಅಷ್ಟೇ. ನಡುವೆ ಒಬ್ಬ ದಾನಿ ಬಂದಿದ್ದರು, ಇಡೀ ವರ್ಷದ ಖರ್ಚು ಕೊಡುತ್ತೇನೆ, ಪ್ರತಿ ತಿಂಗಳು ಮಕ್ಕಳ ಜೊತೆ ತಮ್ಮ ಹೆಸರಿನ ಬ್ಯಾನರಿನ ಫೋಟೋ ಬೇಕು ಎಂದರು. ಕಲಿಯಲು ಕಷ್ಟಪಡುವ ಮಗುವಿನ ಮುಖ ಬ್ಯಾನರಿನ ಕೆಳಗೆ ಹಾಕುವುದಿಲ್ಲ ಎಂದೆ. ಅವರು ಮತ್ತೆ ಬರಲಿಲ್ಲ. ಆ ತಿಂಗಳು ಸ್ವಲ್ಪ ಪರದಾಡಿದೆ ಎಂಬುದನ್ನೂ ಹೇಳಬೇಕು. ಹಣದ ಲೆಕ್ಕ ನೋಡುವುದು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಒಮ್ಮೆ ಲೆಕ್ಕ ತಾಳೆಯಾಗದೆ ಮೂರು ದಿನ ಅವನನ್ನು ಕೂರಿಸಿ ಕೂಡಿಸಲು ಹಚ್ಚಿದೆ. ಕೊನೆಗೆ ತಪ್ಪು ಸಿಕ್ಕಿತು, ನಾನೇ ಬರೆದ ಚೀಟಿಯಲ್ಲಿ ಏಳನ್ನು ಒಂದೆಂದು ಓದುವಂತೆ ಬರೆದಿದ್ದೆ. ಅಂದಿನಿಂದ ನನ್ನ ಚೀಟಿಗೆ ಅವನ ಸಹಿ ಬೇಕು.

ಆ ‘ಊರು ಉದ್ಧಾರ’ದ ತಂದೆಯ ಮಗಳು ಆಗಲೇ ಹೇಳಿದ ಪಟ್ಟಿ ಹರಿದ ಹುಡುಗಿ. ಮೂರನೆಯ ವರ್ಷವೂ ಅವರು ಬೇಡವೆಂದೇ ಹೇಳಿದ್ದರು. ಅರ್ಧ ವರ್ಷ ನೋಡಿ, ಒಂದು ಅಂಕ ಇಳಿದರೂ ನಾನೇ ಬಿಡಿಸುತ್ತೇನೆ ಎಂದು ಬರೆದುಕೊಟ್ಟಿದ್ದೆ. ಆ ಕಾಗದ ಈಗಲೂ ಅವರ ಬಳಿ ಇದೆಯಂತೆ. ಈ ವರ್ಷ ಅವರ ಕಿರಿಯ ಮಗನೂ ಸೇರಿದ್ದಾನೆ, ಆಯ್ಕೆಯ ಪ್ರಶ್ನೆಗೆ ಉತ್ತರ ಮೊದಲ ಸಲಕ್ಕೆ ಸರಿಬರಲಿಲ್ಲ, ಎರಡನೆಯ ಸಲ ಬಂದ.

ಸದ್ಯಕ್ಕೆ ಡಬ್ಬಿಯಲ್ಲಿ ಸ್ವಲ್ಪ ಹಣ ಉಳಿದಿದೆ. ಮಳೆಮಾಪಕಕ್ಕೆ ಒಳ್ಳೆಯ ಗಾಜಿನ ಅಳತೆಪಾತ್ರೆ ತರೋಣ ಎಂದು ನನ್ನ ಮಾತು. ಮಕ್ಕಳಿಗೆ ಟೀ ಶರ್ಟ್ ಬೇಕಂತೆ. ಶುಕ್ರವಾರ ಮತ ಹಾಕುತ್ತೇವೆ, ನನಗೂ ಒಂದೇ ಮತ. ಸೋಲುವ ಲಕ್ಷಣ ಕಾಣುತ್ತಿದೆ.